ಮಡಚಿದ ತುದಿ

ಫೆಬ್ರವರಿ 11, ಮಂಗಳವಾರ. ಬೆಳಗಿನ ಪಾಳಿಯ ಬಸ್ಸುಗಳು ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಜನರನ್ನು ಸುರಿದು ಹೋಗಿದ್ದವು. ಠಾಣೆಯ ಮುಂದಿನ ರಸ್ತೆಗೆ ಸ್ವಲ್ಪ ಉಸಿರು ಬಂದ ಹೊತ್ತಿಗೆ ಮುರಿಗೆಪ್ಪ ಎಂಬ ಅರವತ್ತು ದಾಟಿದ ಮನುಷ್ಯ ಒಂದು ಸ್ಟೀಲ್ ಫ್ಲಾಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಒಳಗೆ ಬಂದರು. ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಪಿಎಸ್‌ಐ ಹೇಮಲತಾ ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

"ನನ್ನ ಹೆಂಡ್ತಿ ಈಶ್ವರಮ್ಮ, ನರ್ಸು. ನಿನ್ನೆ ಮಧ್ಯಾಹ್ನ ಸ್ಕೂಟರಿಂದ ಬಿದ್ದಿದಾಳೆ. ಇನ್ನೂ ಎಚ್ಚರ ಇಲ್ಲ."

"ಆಕ್ಸಿಡೆಂಟ್ ಕೇಸು ಟ್ರಾಫಿಕ್ ಠಾಣೆಗೆ ಬರುತ್ತೆ, ಯಜಮಾನ್ರೇ."

"ಆಕ್ಸಿಡೆಂಟ್ ಅಲ್ಲ ಮೇಡಂ. ಗಾಡಿ ಮೇಲೇ ನಿದ್ದೆ ಹೋಗಿದಾಳೆ. ರಕ್ತದಲ್ಲಿ ನಿದ್ದೆ ಮದ್ದಿದೆ ಅಂತ ಡಾಕ್ಟ್ರು ಹೇಳಿದ್ರು. ತಲೆನೋವಿಗೂ ಮಾತ್ರೆ ನುಂಗೋಳಲ್ಲ ಅವಳು." ಮುರಿಗೆಪ್ಪ ಚೀಲವನ್ನು ಮೇಜಿನ ಮೇಲಿಟ್ಟರು. "ಇದು ಅವಳ ಬ್ಯಾಗಲ್ಲಿತ್ತು. ಶುಂಠಿ ಮೆಣಸಿನ ಕಷಾಯ. ಬೆಳಿಗ್ಗೆ ನಾನೇ ಕಾಯಿಸಿ ಕೊಟ್ಟಿದ್ದು. ಮೊದ್ಲು ನನ್ನನ್ನೇ ವಿಚಾರಿಸ್ಕೊಳ್ಳಿ."

ತನ್ನನ್ನೇ ಮೊದಲು ವಿಚಾರಿಸಿ ಎಂದು ಬರುವ ಗಂಡಂದಿರು ಠಾಣೆಗೆ ಅಪರೂಪ. ಹೇಮಲತಾ ದೂರು ಬರೆಸಿಕೊಂಡಳು. ವಿಷ ಅಥವಾ ಮತ್ತು ಬರಿಸುವ ವಸ್ತು ಕೊಟ್ಟು ನೋವುಂಟುಮಾಡಿದ ಆರೋಪ, ಭಾರತೀಯ ನ್ಯಾಯ ಸಂಹಿತೆಯ ಕಲಂ 123. ಎಫ್‌ಐಆರ್ ದಾಖಲಾಯಿತು. ಪಂಚರ ಎದುರು ಫ್ಲಾಸ್ಕನ್ನು ಜಪ್ತಿ ಮಾಡಲಾಯಿತು.

ಹೊಸೂರು ರಸ್ತೆಯ ಸರ್ವೀಸ್ ರಸ್ತೆಯಲ್ಲಿ ಸ್ಕೂಟರ್ ಇನ್ನೂ ಮೋರಿಗೆ ಒರಗಿಕೊಂಡು ಬಿದ್ದಿತ್ತು. ಬ್ರೇಕ್ ಹಿಡಿದ ಗುರುತೇ ರಸ್ತೆಯ ಮೇಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಯಂಕಪ್ಪ ಪಂಚನಾಮೆ ಬರೆಯುತ್ತಿದ್ದಾಗ ಹೇಮಲತಾ ಗಾಡಿಯನ್ನು ಎತ್ತಿ ನೋಡಲು ಹೋದಳು, ಹರಿದ ಮಡ್‌ಗಾರ್ಡಿನ ತಗಡು ಅವಳ ಮುಂಗೈಯನ್ನು ಉದ್ದಕ್ಕೆ ಗೀರಿತು. ಕರವಸ್ತ್ರ ಸುತ್ತಿಕೊಂಡು ಜೀಪು ಹತ್ತಿದಳು.

ಆಸ್ಪತ್ರೆ ಅಲ್ಲಿಂದ ಏಳೆಂಟು ಕಿಲೋಮೀಟರ್ ದೂರ. ದಾರಿಹೋಕರು ಗುರುತಿನ ಚೀಟಿ ನೋಡಿ ಈಶ್ವರಮ್ಮನನ್ನು ಎತ್ತಿಕೊಂಡು ಹೋಗಿ ಸೇರಿಸಿದ್ದೂ ಅದೇ ಆಸ್ಪತ್ರೆಗೆ, ಆಕೆಯೇ ಇನ್‌ಚಾರ್ಜ್ ಸಿಸ್ಟರ್ ಆಗಿದ್ದ ವಾರ್ಡಿನ ಮೇಲಿನ ಮಹಡಿಯ ಐಸಿಯುಗೆ. ಕೆಳಗೆ ಎಚ್‌ಆರ್ ಮ್ಯಾನೇಜರ್ ಸಿದ್ದಾರ್ಥ್ ಲಿಫ್ಟಿನ ಬಾಗಿಲಲ್ಲೇ ಕಾಯುತ್ತಿದ್ದ.

"ಮೇಡಂ, ನಮ್ಮ ಇಂಟರ್ನಲ್ ಎನ್‌ಕ್ವೈರಿ ಆಲ್ಮೋಸ್ಟ್ ಮುಗೀತು. ಲಾವಣ್ಯ ಅಂತ ಒಬ್ಳು ಜೂನಿಯರ್ ಸ್ಟಾಫ್. ನಿನ್ನೆ ಬೆಳಿಗ್ಗೆ ಎಲ್ಲರ ಮುಂದೆ ಇನ್‌ಚಾರ್ಜ್‌ಗೆ ಬೆದರಿಕೆ ಹಾಕಿದಾಳೆ. ನೀವು ಕರ್ಕೊಂಡ್ ಹೋದ್ರೆ ನಮಗೂ ಈಸಿ."

"ನಿಮಗೆ ಈಸಿ ಆಗ್ಲಿ ಅಂತ ನಮ್ಮ ಇಲಾಖೆ ಇರೋದಲ್ಲ," ಎಂದಳು ಹೇಮಲತಾ.

ಲಾವಣ್ಯಳಿಗೆ ಇಪ್ಪತ್ತಮೂರು. ಚಿಂತಾಮಣಿ ಕಡೆಯ ಹುಡುಗಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ನಿನ್ನೆ ಅವರಿಗೆ ಏನಂದೆ?"

"ನಿಮಗೂ ಒಂದಿನ ಗೊತ್ತಾಗುತ್ತೆ ಮೇಡಂ, ಅಂದೆ."

"ಏನು ಗೊತ್ತಾಗುತ್ತೆ?"

"ಅಷ್ಟೇ ಹೇಳಿದ್ದು. ಮುಂದಕ್ಕೆ ಅಳು ಬಂತು."

"ಅವರು ಏನಂದಿದ್ರು?"

"ಬೆಡ್‌ಪ್ಯಾನ್ ತೊಳೆಯೋಕೂ ಲಾಯಕ್ಕಿಲ್ಲ ಅಂದ್ರು. ಪೇಷಂಟ್ ಮನೆಯೋರೆಲ್ಲ ನಗ್ತಿದ್ರು."

"ಮದ್ದಿನ ಕಪಾಟಿನ ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರ. ಡ್ರಾಯರಲ್ಲಿ ಇಟ್ಟಿದ್ದೆ. ಎಲ್ರೂ ಅಲ್ಲಿಂದ್ಲೇ ತಗೋತಾರೆ."

"ಊಟದ ಹೊತ್ತಲ್ಲಿ ಎಲ್ಲಿದ್ದೆ?"

"ಬೆಡ್‌ಶೀಟ್ ಇಡೋ ರೂಮಲ್ಲಿ. ಅಳ್ತಿದ್ದೆ."

"ಯಾರಾದ್ರೂ ನೋಡಿದಾರಾ?"

"ಯಾರೂ ನೋಡ್ಬಾರ್ದು ಅಂತಾನೇ ಅಲ್ವಾ ಮೇಡಂ ಅಲ್ಲಿಗೆ ಹೋಗೋದು." ಹುಡುಗಿ ತಲೆ ಎತ್ತಿದಳು. "ಕೇಸ್ ಹಾಕಿದ್ರೆ ನನ್ನ ನರ್ಸಿಂಗ್ ರಿಜಿಸ್ಟ್ರೇಷನ್ ಹೋಗುತ್ತೆ. ನನಗೆ ಬೇರೆ ಏನೂ ಬರಲ್ಲ ಮೇಡಂ."

ಉಳಿದವರನ್ನು ಒಬ್ಬೊಬ್ಬರಾಗಿ ಕರೆಸಲಾಯಿತು. ಈಶ್ವರಮ್ಮನ ಬಗ್ಗೆ ಕೆಟ್ಟದ್ದು ಆಡಲು ಮೊದಲು ಎಲ್ಲರೂ ಹಿಂಜರಿದರು, ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಕೆಲಸದಲ್ಲಿ ಆಕೆಗೆ ಸಾಟಿಯಿಲ್ಲ, ಒಂದು ಡೋಸ್ ತಪ್ಪಿದ್ದಿಲ್ಲ. ಆದರೆ ಬಾಯಿ ತೆರೆದರೆ ಎದುರಿಗಿದ್ದವರ ಅಪ್ಪ, ಅಮ್ಮ, ಊರು, ಬಣ್ಣ ಯಾವುದೂ ಉಳಿಯುತ್ತಿರಲಿಲ್ಲ. ಒಬ್ಬಳು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಆ ಸದ್ದಿನಲ್ಲಿ ತಿರುಗಿ ಬೈದು ಬರುತ್ತಿದ್ದಳಂತೆ. ರಕ್ಷಿತಾ ಎಂಬವಳು ಜರ್ಮನ್ ಭಾಷೆ ಕಲಿಯುತ್ತಿದ್ದಳು. ಇಲ್ಲಿಂದ ಪಾರಾಗಲು ಅದೊಂದೇ ದಾರಿ ಎಂದಳು.

ಕೊನೆಗೆ ಬಂದವಳು ಸುಮಂಗಲಾ, ವಾರ್ಡಿನ ಹಿರಿಯ ನರ್ಸ್. ಸಿಂದಗಿ ಕಡೆಯವಳು. ಮೂವತ್ತೈದರ ಆಸುಪಾಸು, ದುಂಡು ಮುಖ, ಯಾರನ್ನೂ ನೋಯಿಸದ ನಗು.

"ಬೈದ್ರ ಬೈಸ್ಕೊಬೇಕ್ರಿ ಮೇಡಂ. ಒಂದ್ ಕಿವಿಲೇ ಕೇಳೂದು, ಇನ್ನೊಂದ್ ಕಿವಿಲೇ ಬಿಡೂದು. ನಾ ಹನ್ನೊಂದ್ ವರ್ಷದಿಂದ ಹಂಗ ಮಾಡೇನಿ. ಹುಡುಗ್ಯಾರಿಗೂ ಅದನ್ನ ಹೇಳ್ತೇನಿ."

"ಲಾವಣ್ಯ ಮಾಡಿರ್ಬಹುದಾ?"

"ಇಲ್ರಿ." ಉತ್ತರ ಬೇಗ ಬಂತು. "ಅಕಿ ಇರುವಿ ತುಳಿಯಾಕೂ ಅಂಜ್ತಾಳ."

ಠಾಣೆಗೆ ಮರಳಲು ಜೀಪು ಹತ್ತಿದಾಗ ಇನ್ಸ್‌ಪೆಕ್ಟರ್ ಸಂಗಮೇಶ್ ಫೋನ್ ಮಾಡಿದರು. ಆಸ್ಪತ್ರೆಯವರು ಆಗಲೇ ಅವರ ಕಿವಿ ಕಚ್ಚಿದ್ದರು.

"ಏನ್ರೀ ಹೇಮಲತಾ, ತನಿಖೆ ಮಾಡ್ತಿದೀರೋ ಟೀವಿ ಸೀರಿಯಲ್ ನೋಡ್ತಿದೀರೋ? ಕಣ್ಮುಂದೆ ಆರೋಪಿ ಇದ್ರೂ ಕೈಬೀಸ್ಕೊಂಡು ಬರ್ತಿದೀರಲ್ಲ. ಹೆಂಗಸರಿಗೆ ಸ್ಟೇಷನ್ ಕೊಟ್ರೆ ಇಷ್ಟೇ."

"ಸರ್," ಎಂದಳು ಹೇಮಲತಾ. ಬಾಯಿಗೆ ಬಂದದ್ದನ್ನು ನುಂಗಿದಳು. ಫೋನ್ ಇಟ್ಟ ಮರುಕ್ಷಣವೇ ಯಂಕಪ್ಪನ ಕಡೆ ತಿರುಗಿ, "ಏನ್ರೀ ಹಾಗೆ ಕಂಬದ ಥರ ಕೂತಿದೀರಾ? ಗಾಡಿ ಬಿಡಿಸೋಕೂ ನಾನೇ ಹೇಳ್ಬೇಕಾ? ಯಾರ್ರೀ ನಿಮಗೆ ಕೆಲ್ಸ ಕೊಟ್ಟಿದ್ದು?" ಎಂದು ಡ್ರೈವರ್ ಮುಂದೆಯೇ ಹರಿಹಾಯ್ದಳು. ಯಂಕಪ್ಪನಿಗೆ ಅವಳಿಗಿಂತ ಹದಿನೈದು ವರ್ಷ ಹೆಚ್ಚು. ಅವನು ಡ್ರೈವರ್‌ಗೆ ಹೊರಡು ಎಂದು ಸನ್ನೆ ಮಾಡಿದ.

ಫ್ಲಾಸ್ಕನ್ನು ಪ್ರಯೋಗಾಲಯಕ್ಕೆ ಕಳಿಸುವ ಮುಂಚೆ ಹೇಮಲತಾ ಕೈಗವಸು ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಬೆಳಿಗ್ಗೆ ಗಮನಿಸದಿದ್ದುದು ಆಗ ಕಂಡಿತು. ಫ್ಲಾಸ್ಕಿನ ಹೊಟ್ಟೆಗೆ ಬಿಳಿ ಪ್ಲಾಸ್ಟರಿನ ಮೂರು ಪಟ್ಟಿಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಮುರಿಗೆಪ್ಪನಿಗೆ ಫೋನ್ ಮಾಡಿದಳು.

"ಅದಾ ಮೇಡಂ? ವಾರ್ಡಲ್ಲಿ ಯಾರೋ ತನ್ನ ಕಷಾಯ ಕುಡೀತಾರೆ ಅಂತ ಅವಳಿಗೆ ಅನುಮಾನ. ಡ್ಯೂಟಿಗೆ ಹೋದ ತಕ್ಷಣ ಮುಚ್ಚಳಕ್ಕೂ ಫ್ಲಾಸ್ಕಿಗೂ ಸೇರಿಸಿ ಒಂದು ಪಟ್ಟಿ ಹಾಕ್ತಿದ್ಳು. ಯಾರಾದ್ರೂ ತೆಗೆದ್ರೆ ಗೊತ್ತಾಗ್ಲಿ ಅಂತ. ಕುಡಿಯೋವಾಗ ಕಿತ್ತು ಪಕ್ಕಕ್ಕೆ ಅಂಟಿಸ್ತಿದ್ಳು. ಮೂರ್ನಾಲ್ಕು ದಿನಕ್ಕೊಮ್ಮೆ ಕೂತು ಎಲ್ಲಾ ತೊಳೀತಿದ್ಳು. ಗುರುವಾರ ತೊಳೆದಿದ್ದೇ ಕೊನೆ, ಭಾನುವಾರ ರಜೆ ಇತ್ತು."

ತನ್ನ ಕೈಕೆಳಗಿನವರನ್ನು ನಂಬದವಳ ಬೀಗ ಅದು. ಅಡಿಯ ಎರಡು ಪಟ್ಟಿಗಳ ತುದಿಗಳನ್ನು ಕತ್ತರಿಯಲ್ಲಿ ನೇರವಾಗಿ ಕತ್ತರಿಸಲಾಗಿತ್ತು. ಮೇಲಿನದು, ಅಂದರೆ ಸೋಮವಾರದ್ದು, ಹಾಗಿರಲಿಲ್ಲ. ಅದರ ಒಂದು ತುದಿಯನ್ನು ಉಗುರಿನಷ್ಟು ಅಗಲ ಒಳಕ್ಕೆ ಮಡಚಲಾಗಿತ್ತು. ಯಾರೋ ಈಶ್ವರಮ್ಮನ ಪಟ್ಟಿ ಕಿತ್ತು, ಮದ್ದು ಬೆರೆಸಿ, ಹೊಸ ಪಟ್ಟಿ ಹಾಕಿದ್ದರು. ಹಾಕಿದವರ ಕೈ ಬೇರೆ. ಮಡಚಿದ್ದು ಯಾಕೆಂದು ಮಾತ್ರ ಹೇಮಲತಾಗೆ ತಿಳಿಯಲಿಲ್ಲ. ಪಟ್ಟಿಯ ಫೋಟೋ ತೆಗೆದು, ಅದನ್ನು ಬೆರಳಚ್ಚು ಘಟಕಕ್ಕೆ ಕಳಿಸಿದಳು.

ಬುಧವಾರ ಬೆಳಿಗ್ಗೆ ಈಶ್ವರಮ್ಮ ತೀರಿಕೊಂಡರು. ಐಸಿಯು ಬಾಗಿಲಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಶರಣಮ್ಮ ಸುದ್ದಿ ಕೊಟ್ಟಳು. ಈಗ ಇದು ನೋವುಂಟುಮಾಡಿದ ಕೇಸಲ್ಲ. ಕಲಂ 105 ಸೇರುತ್ತದೆ, ಕೊಲೆಯಲ್ಲದ ನರಹತ್ಯೆ. ಕೆಳಗಿನ ವಾರ್ಡಿನಲ್ಲಿ ಸುದ್ದಿ ತಿಳಿದಾಗ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಳಲಿಲ್ಲ. ಬಿಕ್ಕಿ ಬಿಕ್ಕಿ ಅತ್ತವಳು ಲಾವಣ್ಯ ಒಬ್ಬಳೇ.

"ನೋಡಿದ್ರಾ ಮೇಡಂ, ಗಿಲ್ಟ್," ಎಂದ ಸಿದ್ದಾರ್ಥ್. ಸಂಗಮೇಶರ ಫೋನ್ ಬಂತು. ಸಂಜೆಯೊಳಗೆ ಲಾವಣ್ಯ ಠಾಣೆಯಲ್ಲಿರಬೇಕು.

ವಾರ್ಡಿನ ನಡುವೆ ನಿಂತು ಏನು ಮಾಡುವುದೆಂದು ತೋಚದೆ ಹೇಮಲತಾ ಸುತ್ತ ನೋಡಿದಳು. ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ನಲ್ಲಪ್ಪ, ಆನೇಕಲ್ ಕಡೆಯವನು. ಅವನ ಕೈಯ ಸೂಜಿಯ ಮೇಲಿದ್ದ ಪ್ಲಾಸ್ಟರಿನ ತುದಿ ಉಗುರಿನಷ್ಟು ಮಡಚಿತ್ತು.

"ತಾತ, ಇದನ್ನ ಯಾಕೆ ಹೀಗೆ ಮಡಚಿದಾರೆ?"

"ಕೀಳೋವಾಗ ಉಗುರಾಕಿ ಕೆರೀಬಾರ್ದು ಅಂತ ಕಣವ್ವ. ತುದಿ ಇಡ್ಕಂಡು ಎಳುದ್ರೆ ಅಂಗೇ ಬತ್ತದೆ. ನನ್ ಚರ್ಮ ನೋಡು, ಈರುಳ್ಳಿ ಸಿಪ್ಪೆ. ಸುಮ್ನೆ ಕಿತ್ರೆ ಚರ್ಮಾನೂ ಬತ್ತದೆ."

"ಎಲ್ಲಾ ಸಿಸ್ಟರೂ ಹೀಗೇ ಹಾಕ್ತಾರಾ?"

"ಎಲ್ಲಿ ಆಕ್ತಾರೆ? ಲಾವಣ್ಯ ಅನ್ನೋ ಮಗ ಆಕ್ತಿತ್ತು. ಓದ ವಾರ ದೊಡ್ಡ ಸಿಸ್ಟರು ನೋಡಿ, ಪ್ಲಾಸ್ಟರ್ ದಂಡ ಮಾಡ್ತೀಯಾ ಅಂತ ನನ್ ಕೈಯಿಂದ ಪಟಾರ್ ಅಂತ ಕಿತ್ತಾಕುದ್ರು. ನೋಡಿಲ್ಲಿ, ಗಾಯ. ಅವತ್ತಿಂದ ಆ ಮಗ ಮಡಚಾಕಿಲ್ಲ. ಇದು ಸುಮಂಗಲವ್ವಂದು. ಅವ್ಳು ಯಾರೂ ನೋಡ್ದಂಗೆ ಆಕ್ತಾಳೆ."

ಯಂಕಪ್ಪ ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರ ಕೈ ನೋಡಿ ಬಂದ. ರಕ್ಷಿತಾ ಹಾಕಿದ್ದು ನೇರ, ಲಾವಣ್ಯ ಹಾಕಿದ್ದೂ ನೇರ. ಸುಮಂಗಲಾ ಸೂಜಿ ಹಾಕಿದ ಕೈಗಳಲ್ಲಿ ಮಾತ್ರ ತುದಿ ಮಡಚಿತ್ತು. ಅಷ್ಟರಲ್ಲಿ ಬೆರಳಚ್ಚು ಘಟಕದಿಂದ ಕರೆ ಬಂತು. ಮಡಚಿದ ತುದಿಯನ್ನು ಬಿಡಿಸಿದಾಗ ಅಂಟಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಸಿಕ್ಕಿದೆ, ಹೋಲಿಸಲು ಬೆರಳು ಬೇಕು.

ಇಡೀ ವಾರ್ಡಿನಲ್ಲಿ ರೋಗಿಯ ಚರ್ಮದ ಬಗ್ಗೆ ಯೋಚಿಸುವ ಕೈ ಒಂದೇ ಒಂದು. ಆ ಕೈಯನ್ನೇ ಹಿಡಿಯಬೇಕು.

ಸುಮಂಗಲಾ ಡ್ರೆಸಿಂಗ್ ರೂಮಿನಲ್ಲಿದ್ದಳು. ಪೊಲೀಸರು ಬಂದರೆಂದು ಎದ್ದು ನಿಂತವಳ ಕಣ್ಣು ನೇರ ಹೇಮಲತಾಳ ಮುಂಗೈಗೆ ಹೋಯಿತು. ಕರವಸ್ತ್ರಕ್ಕೆ ಕೀವಿನ ಕಲೆ ಹತ್ತಿತ್ತು.

"ಅಯ್ಯ, ಇದೇನ್ರಿ ಮೇಡಂ? ತುಕ್ಕು ತಗಡ ಬಡದದಲ್ಲ? ಟಿಟಿ ತಗೊಂಡೀರಿಲ್ಲೋ? ಕೂಡ್ರಿ ಇಲ್ಲಿ."

ಹೇಮಲತಾ ಕೂತಳು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಸುಮಂಗಲಾ ಕೈಗವಸು ಹಾಕಿಕೊಂಡು ಗಾಯವನ್ನು ತೊಳೆದಳು. ಉರಿಯುತ್ತದೆಂದು ಮೊದಲೇ ಹೇಳಿ, ಮೆಲ್ಲಗೆ ಊದುತ್ತ ಮುಲಾಮು ಹಚ್ಚಿದಳು. ಹತ್ತಿಬಟ್ಟೆ ಇಟ್ಟ ಮೇಲೆ ಕೈಗವಸು ಬಿಚ್ಚಿದಳು.

"ಅದನ್ನ ಯಾಕೆ ಬಿಚ್ಚಿದಿರಿ?"

"ಪ್ಲಾಸ್ಟರ್ ಕೈಗವಸಿಗೆ ಅಂಟ್ಕೋತದ್ರಿ. ಬರೀ ಕೈಲೇ ಹಚ್ಬೇಕು."

ಪಟ್ಟಿ ಕತ್ತರಿಸಿದಳು. ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ಹಿಡಿದು, ಒಳಕ್ಕೆ ಮಡಚಿ, ಅಂಟಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ಹೇಮಲತಾ ಮುಂಗೈ ನೋಡಿಕೊಂಡಳು, ಆಮೇಲೆ ಫ್ಲಾಸ್ಕಿನ ಫೋಟೋವನ್ನು ಮೇಜಿನ ಮೇಲೆ ಅದರ ಪಕ್ಕದಲ್ಲಿಟ್ಟಳು.

ಸುಮಂಗಲಾ ಎರಡನ್ನೂ ನೋಡಿದಳು. ಮುಖದಲ್ಲಿದ್ದ ನಗು ಹಾಗೇ ನಿಂತಿತು, ಅದನ್ನು ಹೇಗೆ ತೆಗೆಯುವುದೆಂದು ಅವಳಿಗೇ ಗೊತ್ತಿಲ್ಲದಂತೆ.

"ಮಡಚಿದ್ದು ನನಗs ಗೊತ್ತಿಲ್ರಿ," ಎಂದಳು ಕೊನೆಗೆ. "ಕೈ ತಾನ ಮಡಚೇತಿ."

"ಕೊಲ್ಲಬೇಕು ಅಂತ ಹಾಕಿದ್ಯಾ?"

"ದೇವರಾಣೆ ಇಲ್ರಿ. ಸೋಮವಾರ ನಾಕ್ ಗಂಟೆಗೆ ಡೈರೆಕ್ಟರ್ ರೌಂಡ್ಸ್ ಇತ್ತು. ಅವರ ಮುಂದ ತೂಕಡಿಸ್ಲಿ, ಎಲ್ಲಾರ ಮುಂದ ಬೈಸ್ಕೊಳ್ಲಿ, ಒಮ್ಮೆ ತಲಿ ತಗ್ಗಸಿ ನಿಂದ್ರಲಿ ಅಂತ ಅಷ್ಟs. ಮೂರಕ್ಕ ಇನ್ನೊಂದ್ ಬ್ರಾಂಚಿನಿಂದ ಫೋನ್ ಬಂತ್ರಿ, ಮೀಟಿಂಗ್ ಅಂತ. ಮಾತಾಡ್ಕೋತ ಕಷಾಯ ಕುಡದು ಹೊಂಟೇಬಿಟ್ರು. ಪಟ್ಟಿ ನೋಡ್ಲಿಲ್ಲ."

"ಹನ್ನೊಂದು ವರ್ಷ ಸುಮ್ನಿದ್ದೋಳು. ಈಗ ಯಾಕೆ?"

ಸುಮಂಗಲಾ ಕತ್ತರಿಯನ್ನು ತಟ್ಟೆಯಲ್ಲಿಟ್ಟು, ಅದರ ಪಕ್ಕಕ್ಕೆ ಪ್ಲಾಸ್ಟರ್ ಸುರುಳಿಯನ್ನು ಸರಿಯಾಗಿ ಜೋಡಿಸಿದಳು.

"ನನಗ ಬೈದಿದ್ದಕ್ಕ ಅಲ್ರಿ. ಹ್ವಾದ ವಾರ ನಲ್ಲಪ್ಪಜ್ಜನ ಪ್ಲಾಸ್ಟರ್ ಕಿತ್ರಲ್ಲ, ಕಿತ್ತು ನನ್ನ ಕರದ್ರು. ನೀ ಸೀನಿಯರ್ ಇದೀಯಾ, ನೀನೇ ಬೈ ಇವಳಿಗೆ ಅಂದ್ರು. ಹಿಂಗs ಬೈಬೇಕಂತ ಹೇಳಿಕೊಟ್ರು. ನಾ ಲಾವಣ್ಯಾನ ಮುಂದ ನಿಂತು, ಪ್ಲಾಸ್ಟರ್ ನಿಮ್ಮಪ್ಪನ ಮನೀದೇನ, ಅಂದೆ. ಅಕಿಗೆ ಅಪ್ಪ ಇಲ್ರಿ. ಅದು ನನಗ ಗೊತ್ತಿತ್ತು." ಅವಳು ಸುರುಳಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. "ತುದಿ ಮಡಚೂದು ಅಕಿಗೆ ಕಲಸಿದಾಕಿ ನಾನs. ಬೈದ ಮ್ಯಾಲ ಇನ್‌ಚಾರ್ಜ್ ನನ್ನ ಬೆನ್ನು ಚಪ್ಪರಿಸಿದ್ರು. ಈಗ ಕಲಿತೆ ನೋಡು, ಅಂದ್ರು. ಹನ್ನೊಂದ್ ವರ್ಷದಾಗ ಮೊದಲನೇ ಸಲ ಹೊಗಳಿದ್ದು."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆ ಅತ್ತೆಯಾಗುವ ಗಳಿಗೆಯನ್ನು ಈ ಹೆಂಗಸು ಕಣ್ಣಾರೆ ಕಂಡು ಹೆದರಿದ್ದಳು.

"ಅವರು ಗಾಡಿ ಕೀಲಿ ತಗೊಂಡು ಹೋಗೋದನ್ನ ನೋಡಿದ್ಯಾ?" ಹೇಮಲತಾ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು.

"ನೋಡಿದ್ನಿರಿ. ಲಿಫ್ಟಿನ ಹಂತ್ಯಾಕ ಓಡಿ ಹೋದೆ. ಮೇಡಂ, ಅಂದೆ. 'ಏನ್ ಬಾಯಿ ಬಿಟ್ಕೊಂಡು ನಿಂತಿದೀಯಾ, ಮುಚ್ಕೊಂಡು ಹೋಗಿ ಕೆಲ್ಸ ನೋಡು' ಅಂದ್ರು." ಸುಮಂಗಲಾ ಕೈಗಳನ್ನು ನೋಡಿಕೊಂಡಳು. "ಮುಚ್ಚಿದೆ."

"ಗಾಡಿ ಓಡಿಸ್ಬೇಡಿ ಅನ್ನೋ ಒಂದು ಮಾತು."

"ಬಾಯಿತನಕ ಬಂದಿತ್ರಿ. ಆದ್ರ ಅವರು ಮುಚ್ಚು ಅಂದ್ರ ನನ್ನ ಬಾಯಿ ತಾನ ಮುಚ್ಚತದ. ಲಾವಣ್ಯಾನ ಹೆಸರು ಬಂದಾಗೂ ನಿಮಗ ಹೇಳ್ಬೇಕಂತ ನಿನ್ನೆ ಎರಡ್ ಸಲ ಬಂದೆ. ಅವಾಗೂ ಹಂಗs ಆತು."

ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಬೆಲೆಯಿರುವುದು ಆ ಮಡಿಕೆಯೊಳಗಿನ ಹೆಬ್ಬೆರಳಿಗೆ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ, ದಸ್ತಗಿರಿ ಅದಕ್ಕೂ ಮೊದಲೇ ಆಗಬೇಕಿತ್ತು. ಶರಣಮ್ಮ ಮುಂದೆ ಬಂದಾಗ ಸುಮಂಗಲಾ ಕೈ ಮುಗಿದಳು.

"ಹ್ಯಾಂಡೋವರ್ ಕೊಟ್ಟು ಬರ್ತೇನ್ರಿ. ಪೇಷಂಟ್‌ಗೋಳ್ನ ಹಂಗs ಬಿಟ್ಟು ಬರಾಕ ಬರೂದಿಲ್ಲ."

ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೂ ಹೇಮಲತಾ ಹೂಂ ಎಂದು ತಲೆ ಆಡಿಸಿದಳು. ಸುಮಂಗಲಾ ಲಾವಣ್ಯಳನ್ನು ಕರೆದುಕೊಂಡು ಮಂಚದಿಂದ ಮಂಚಕ್ಕೆ ನಡೆದಳು, ಎರಡು ಹೆಜ್ಜೆ ಹಿಂದೆ ಶರಣಮ್ಮ. ಇವರಿಗೆ ಸಕ್ಕರೆ ನೋಡಬೇಕು, ಇವರಿಗೆ ರಾತ್ರಿ ಜ್ವರ ಬರುತ್ತದೆ, ಈ ತಾಯಿಗೆ ಕನ್ನಡ ಬರುವುದಿಲ್ಲ, ಮಗಳಿಗೆ ಫೋನ್ ಹಚ್ಚಿಕೊಡು. ಲಾವಣ್ಯ ಮೊದಲು ಯಾಂತ್ರಿಕವಾಗಿ ತಲೆಯಾಡಿಸುತ್ತಿದ್ದವಳು, ನಲ್ಲಪ್ಪನ ಮಂಚದ ಹತ್ತಿರ ಬಂದಾಗ ಪೊಲೀಸರ ಕಡೆ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು.

"ಸುಮಕ್ಕಾ," ಎಂದಳು.

"ಅಜ್ಜಂದು ನಾಳೆ ಸೂಜಿ ಬದಲಿಸ್ಬೇಕು," ಎಂದಳು ಸುಮಂಗಲಾ. "ತುದಿ ಮಡಚು. ಇನ್ನ ಯಾರೂ ಬೈಯೂದಿಲ್ಲ."

ಶುಕ್ರವಾರ ಬೆರಳಚ್ಚಿನ ವರದಿ ಬಂತು, ಹೊಂದಿಕೆಯಾಗಿತ್ತು. ಸಂಗಮೇಶ್ ಎಲ್ಲರ ಮುಂದೆ, "ನಾನು ಮೊದ್ಲೇ ಹೇಳ್ಲಿಲ್ವಾ, ವಾರ್ಡಿನೋರೇ ಅಂತ?" ಎಂದರು. ಹೇಮಲತಾ "ಸರ್" ಎಂದಳು. ಆಸ್ಪತ್ರೆಯವರು ವಾರ್ಡಿನ ಗೋಡೆಗೆ ಈಶ್ವರಮ್ಮನ ಹಾರ ಹಾಕಿದ ಫೋಟೋವನ್ನೂ ಅದರ ಪಕ್ಕಕ್ಕೆ 'ಸದಾ ನಗುತ್ತಿರಿ' ಎಂಬ ಬೋರ್ಡನ್ನೂ ತೂಗುಹಾಕಿದ್ದಾರೆಂದು ಶರಣಮ್ಮ ಹೇಳಿದಳು.

ಮಧ್ಯಾಹ್ನ ಮುರಿಗೆಪ್ಪ ಸಹಿ ಹಾಕಲು ಬಂದರು. ಈ ಸಲ ಕೂತರು.

"ಮನೇಲಿ ಅವಳು ಒಂದಿನ ದನಿ ಎತ್ತಿದೋಳಲ್ಲ ಮೇಡಂ. ನನಗೆ ಜ್ವರ ಬಂದ್ರೆ ರಾತ್ರಿಯೆಲ್ಲ ಕೂತಿರೋಳು. ಅಲ್ಲಿ ಹಾಗಿದ್ಲಾ? ನಿಜವಾಗ್ಲೂ ಹಾಗಿದ್ಲಾ?"

ಹೇಮಲತಾ ಕಡತದ ಕಡೆ ನೋಡಿದಳು. ಉತ್ತರ ಅದರಲ್ಲಿ ಎಲ್ಲ ಪುಟಗಳಲ್ಲೂ ಇತ್ತು. "ಕೆಲಸದಲ್ಲಿ ಅವರಿಗೆ ಸಾಟಿ ಇರ್ಲಿಲ್ವಂತೆ," ಎಂದಳು. ಅದೂ ನಿಜವೇ.

ಅವರು ಹೋದ ಮೇಲೆ ಮುಂಗೈ ನವೆಯಾಗತೊಡಗಿತು. ಗಾಯ ಒಣಗಿತ್ತು. ಮಡಚಿದ ತುದಿ ಹಿಡಿದು ಎಳೆದಳು. ಪ್ಲಾಸ್ಟರ್ ಸಲೀಸಾಗಿ ಬಂತು, ಒಂದು ಕೂದಲೂ ಕೀಳಲಿಲ್ಲ. ಅದನ್ನು ಬುಟ್ಟಿಗೆ ಹಾಕಲು ಮನಸ್ಸಾಗದೆ ಹಿಡಿದುಕೊಂಡೇ ಕೂತಳು.

ಯಂಕಪ್ಪ ಚಹಾ ತಂದಿಟ್ಟು ಹೊರಟಿದ್ದ.

"ಯಂಕಪ್ಪ, ಮೊನ್ನೆ ಜೀಪಲ್ಲಿ ನಾನು ನಿಮಗೆ ಹಾಗೆಲ್ಲ..."

ಯಂಕಪ್ಪ ತಿರುಗಿ ನಕ್ಕ. ಯಾರನ್ನೂ ನೋಯಿಸದ ನಗು.

"ಅಯ್ಯ, ಬಿಡ್ರಿ ಮೇಡಂ. ನಾ ಅದನ್ನ ಅವತ್ತs ಮರತೇನಿ. ಒಂದ್ ಕಿವಿಲೇ ಕೇಳೂದು, ಇನ್ನೊಂದ್ ಕಿವಿಲೇ ಬಿಡೂದು."

ಅದೇ ಮಾತನ್ನು ಹೇಮಲತಾ ವಾರ್ಡಿನಲ್ಲಿ ಕೇಳಿದ್ದಳು. ಚಹಾದ ಲೋಟವನ್ನು ಅವನ ಕಡೆಗೆ ಸರಿಸಿ, "ಬಾಗಿಲು ಹಾಕಿ ಬಂದು ಕೂತ್ಕೊಳ್ಳಿ," ಎಂದಳು. "ಬಿಡಬೇಡಿ. ಏನಿದೆಯೋ ಅದನ್ನ ಈಗ್ಲೇ ಹೇಳ್ಬಿಡಿ."

ಯಂಕಪ್ಪ ಕೂತ. ಬಾಯಿ ತೆರೆದ. ಏನೂ ಹೇಳಲಾಗದೆ ಮತ್ತೆ ಮುಚ್ಚಿದ.